ಗೇಮ್ ಮೂಲೆ: ನಾನು ಯಾರ ಕಡೆ ಸೇರ್ಲಿ?

ಕಳೆದ ಸಂಚಿಕೇಲಿ ಫಾಲೌಟ್ ನ್ಯೂ ವೇಗಸ್ ಅನ್ನೋ ವಿಡಿಯೋ ಗೇಮ್ ಬಗ್ಗೆ ಎರಡು ಸಾಲು ಬರ್ದಿದ್ದೇ ತಪ್ಪಾಯ್ತು ನೋಡಿ, ಈ ಸಲ ಬಂದಿರೋ ಪ್ರಶ್ನೆಲಿ ಮುಕ್ಕಾಲು ಪಾಲು ಅದೇ. ಕಥೆ ಮೊದ್ಲೇ ಗೊತ್ತಾಗ್ಬಾರ್ದು ಅನ್ನೋರು ಇಲ್ಲಿಂದಲೇ ಪುಟ ತಿರುಗಿಸಿ, ಆಮೇಲೆ ನನ್ನ ಬೈಬೇಡಿ.

ಪ್ರಶ್ನೆ: ಎನ್‌ಸಿಆರ್ (ನ್ಯೂ ಕ್ಯಾಲಿಫೋರ್ನಿಯಾ ಗಣರಾಜ್ಯ), ರೋಮನ್ ವೇಷದ ಸೀಸರ್‌ನ ಲೀಜನ್ ಸೈನ್ಯ, ವೇಗಸ್ ಆಳೋ ಮಿಸ್ಟರ್ ಹೌಸ್, ಇಲ್ಲಾಂದ್ರೆ ಯೆಸ್ ಮ್ಯಾನ್ ರೋಬೋ ಜೊತೆ ಸೇರಿ ನಾನೇ ರಾಜ. ಮೂರು ವಾರದಿಂದ ಹೌಸ್ ಇರೋ ಲಕ್ಕಿ 38 ಕ್ಯಾಸಿನೊ ಬಾಗಿಲಲ್ಲೇ ನಿಂತಿದೀನಿ. ಯಾವ್ದು ಒಳ್ಳೇ ಸೈಡ್ ಹೇಳಿ ಸಾರ್. (ಓದುಗರು, ಶಿವಮೊಗ್ಗ)

ಉತ್ತರ: ಮೂರು ವಾರ ನಿಂತಿದೀರ ಅಂದ್ರೆ 2010ರಲ್ಲಿ ಈ ಗೇಮ್ ಮಾಡಿದ ಅಬ್ಸಿಡಿಯನ್‌ನೋರು ಗೆದ್ರು ಅಂತಾನೇ ಲೆಕ್ಕ. ಕಥೆ ನಡೆಯೋದು ಅಣುಯುದ್ಧ ಆಗಿ ಎಷ್ಟೋ ವರ್ಷ ಆದ್ಮೇಲೆ, 2281ರಲ್ಲಿ, ಅಮೆರಿಕದ ಮೊಹಾವಿ ಮರುಭೂಮೀಲಿ, ಎಲ್ಲರ ಕಣ್ಣೂ ಹೂವರ್ ಡ್ಯಾಮ್ ಮೇಲೆ. ನೀರು, ಕರೆಂಟು. ಡ್ಯಾಮ್ ಜಗಳ ಅಂದ್ರೇನು ಅಂತ ನಮ್ಮೋರಿಗೆ ಬಿಡಿಸಿ ಹೇಳ್ಬೇಕಾ.

ನಾನು ಮಾಡೋದು ಒಂದೇ ಕೆಲಸ, ದೊಡ್ಡೋರು ಕುರ್ಚೀಲಿ ಕೂತು ಹೇಳೋ ಭಾಷಣ ಸ್ಕಿಪ್ ಮಾಡದೆ ಕೇಳ್ತೀನಿ, ಆದ್ರೆ ಡಿಸೈಡ್ ಮಾಡೋದು ಅವರ ಕೈಗೆ ಸಿಕ್ಕಿರೋ ಊರಲ್ಲಿ ಒಂದು ರೌಂಡ್ ಹೊಡೆದ ಮೇಲೆ. ಎನ್‌ಸಿಆರ್‌ನೋರು ಓಟು, ಕಾನೂನು ಅಂತೆಲ್ಲ ಹೇಳ್ತಾರೆ, ಸುಳ್ಳೇನಲ್ಲ, ಆದ್ರೆ ವೇಗಸ್‌ನ ಬಡವರ ಕೇರಿ ಫ್ರೀಸೈಡ್‌ಗೆ ಹೋಗಿ ನೋಡಿ, ಅಲ್ಲಿ ಅವರು ಊಟ ಹಂಚೋದು ತಮ್ಮ ನಾಗರಿಕರಿಗೆ ಮಾತ್ರ, ಪಕ್ಕದಲ್ಲೇ ಹಸಿದು ಕೂತಿರೋ ಲೋಕಲ್ ಜನ ಅವರ ರಿಜಿಸ್ಟರಲ್ಲೇ ಇಲ್ಲ. ಬಿಟರ್ ಸ್ಪ್ರಿಂಗ್ಸ್ ಅಂತ ಇನ್ನೊಂದು ಜಾಗ ಇದೆ, ಅಲ್ಲಿ ಇದೇ ಸೈನ್ಯ ಓಡಿಹೋಗ್ತಿದ್ದ ಹೆಂಗಸರು ಮಕ್ಕಳ ಮೇಲೆ ಗುಂಡು ಹಾರಿಸಿತ್ತು. ಅವತ್ತು ಟ್ರಿಗರ್ ಒತ್ತಿದೋರಲ್ಲಿ ಒಬ್ಬ ನೋವ್ಯಾಕ್ ಊರಿನ ಡೈನೋಸಾರ್ ಬೊಂಬೆ ಬಾಯೊಳಗೆ ರೈಫಲ್ ಹಿಡ್ಕೊಂಡು ನಿಂತಿರ್ತಾನೆ, ಹೆಸ್ರು ಬೂನ್. ಅವನ ಹತ್ರ ಒಂದಿನ ಕೂತು ಮಾತಾಡ್ಸಿ.

ಹೌಸ್ ವಿಷ್ಯ ಬೇರೆ. ಅಣುಯುದ್ಧಕ್ಕೂ ಮುಂಚಿನಿಂದ ಯಂತ್ರದ ಆಸರೇಲಿ ಬದುಕಿರೋ ಆಸಾಮಿ, ಲೆಕ್ಕದಲ್ಲಿ ಪಕ್ಕಾ. ಅಣುಯುದ್ಧದ ದಿನ ವೇಗಸ್ ಕಡೆ ಬಂದಿದ್ದು 77 ಸಿಡಿತಲೆ, 59ನ್ನ ಕೋಡ್ ಕಳ್ಸಿ ಆಫ್ ಮಾಡ್ದ, 9ನ್ನ ಕ್ಯಾಸಿನೊ ಛಾವಣಿ ಮೇಲಿದ್ದ ಲೇಸರಿಂದ ಹೊಡೆದ, ಉಳಿದಿದ್ದು ಊರಾಚೆ ಬಿತ್ತು. ರಕ್ಷಣಾ ಸಾಫ್ಟ್‌ವೇರ್ ಇದ್ದ ಅವನ ಪ್ಲಾಟಿನಂ ಚಿಪ್ ಒಂದೇ ಒಂದು ದಿನ ಮುಂಚೆ ಕೈಗೆ ಸಿಕ್ಕಿದ್ರೆ ಇನ್ನೂ ಉಳಿಸ್ತಿದ್ನಂತೆ. ಕೇಳಿದ್ರೆ ತಲೆ ಬಾಗ್ಸಬೇಕು ಅನ್ಸುತ್ತೆ. ಆಮೇಲೆ ಅದೇ ಬಾಯಲ್ಲಿ ಹೇಳ್ತಾನೆ, ಹಳೇ ತಂತ್ರಜ್ಞಾನ ಕೂಡಿಡೋ ಬ್ರದರ್‌ಹುಡ್ ಗುಂಪಿನ ಬಂಕರ್ ಉಡಾಯಿಸ್ಬಿಡು ಅಂತ. ನಿಮ್ಮ ಮಾತಿನ ಕೌಶಲ, ಅಂದ್ರೆ ಸ್ಪೀಚ್, ಪೂರ್ತಿ 100 ಇದ್ರೂ ಅವನ ಹತ್ರ ಚೌಕಾಸಿ ನಡಿಯಲ್ಲ. ಎನ್‌ಸಿಆರ್ ಕೂಡ ಅದನ್ನೇ ಕೇಳುತ್ತೆ, ಆದ್ರೆ ಅಲ್ಲಿ ಬಂಕರ್ ಒಳಗಿನ ಮುಖ್ಯಸ್ಥ ಮೆಕ್‌ನಮಾರಾ ಇನ್ನೂ ಗಾದೀಲಿದ್ರೆ ಸಂಧಾನ ಮಾಡಿಸ್ಬಹುದು. ನನ್ನ ಓಟು ಎನ್‌ಸಿಆರ್‌ಗೇ ಹೋಗಿದ್ದು ಈ ಒಂದು ಕಾರಣಕ್ಕೆ. ಬೈಕೊಂಡೇ ಹಾಕ್ದೆ, ಅದು ಬೇರೆ ಮಾತು.

ಯೆಸ್ ಮ್ಯಾನ್ ಮಾತ್ರ ಹಾವೂ ಸಾಯ್ಬಾರ್ದು ಕೋಲೂ ಮುರಿಬಾರ್ದು ಅನ್ನೋರಿಗೆ ಇಟ್ಟಿರೋ ದಾರಿ. ಅವನನ್ನ ಸುಟ್ಟರೆ ಇನ್ನೊಂದು ರೋಬೋ ಮೈಯಲ್ಲಿ ನಗ್ತಾ ವಾಪಸ್ ಬರ್ತಾನೆ. ಯಾರ ಜೊತೆ ಕೆಡಿಸ್ಕೊಂಡ್ರೂ ಕಥೆ ಮುಗಿಸೋಕೆ ಒಂದು ಬಾಗಿಲು ತೆಗ್ದಿರ್ಲಿ ಅಂತ ಮಾಡಿರೋದು. ಸ್ವಾತಂತ್ರ್ಯ ಅಂತ ನಾವು ಕುಣಿಯೋದು, ರೋಡಲ್ಲಿ ಕಾನೂನು ನೋಡ್ಕೊಳ್ಳೋರು ಯಾರು ಅಂದ್ರೆ ಮತ್ತೆ ಹೌಸ್‌ನ ರೋಬೋಗಳೇ.

ಪ್ರಶ್ನೆ: ಲೀಜನ್ ಕಡೆ ಆಡಿದ್ರೆ ತಪ್ಪಾ? ಅವರ ರಾಜ್ಯದಲ್ಲಿ ದಾರಿಗಳ್ಳರೇ ಇಲ್ವಂತೆ, ವ್ಯಾಪಾರಿಗಳೇ ಹೇಳ್ತಾರಲ್ಲ. (ಓದುಗರು, ಧಾರವಾಡ)

ಉತ್ತರ: ಹೇಳ್ತಾರೆ, ನಿಜಾನೇ. ಆದ್ರೆ ನೀವು ನಿಪ್ಟನ್ ಊರು ದಾಟಿ ಬಂದಿದೀರಾ? ಊರ ಬಾಗಿಲಲ್ಲಿ ಒಬ್ಬ "ಲಾಟರಿ ನಾನೇ ಗೆದ್ದೆ" ಅಂತ ಕೂಗಾಡ್ತಾ ಎದುರು ಓಡಿಬರ್ತಾನೆ. ಊರೋರ ಪ್ರಾಣಕ್ಕೆ ಲೀಜನ್‌ನೋರು ಇಟ್ಟ ಲಾಟರಿ ಅದು, ಮೊದಲ ಬಹುಮಾನ ಜೀವ ಸಹಿತ ಹೋಗೋದು. ಎರಡನೇ ಬಹುಮಾನದೋನು ಅಂಗಡಿ ಒಳಗೆ ಎರಡೂ ಕಾಲು ಮುರಿಸ್ಕೊಂಡು ಬಿದ್ದಿರ್ತಾನೆ. ಮಿಕ್ಕವರಲ್ಲಿ ಎಷ್ಟೋ ಜನ ರಸ್ತೆ ಉದ್ದಕ್ಕೂ ಶಿಲುಬೆ ಮೇಲೆ. ದಾರೀಲಿ ಕಳ್ಳರಿಲ್ಲ ಅನ್ನೋದು ಹೀಗೆ.

ಆಡೋದು ತಪ್ಪಲ್ಲಪ್ಪ, ಗೇಮು. ಒಂದ್ಸಲ ಆಡಿ, ಸೀಸರ್ ಡೇರೆಲಿ ಕೂತು ಅವನ ವಾದ ಪೂರ್ತಿ ಕೇಳಿ, ಓದಿದ ಮನುಷ್ಯ, ಮೊದ್ಲು ಬಡವರಿಗೆ ಔಷಧಿ ಕೊಡೋ ಫಾಲೋವರ್ಸ್ ಗುಂಪಲ್ಲೇ ಇದ್ದೋನು, ಮೂಲ ಹೆಸ್ರು ಎಡ್ವರ್ಡ್ ಸ್ಯಾಲೋ. ಆದ್ರೆ ಅವನ ತಲೇಲಿ ಗೆಡ್ಡೆ ಇದೆ, ಅದು ಗೊತ್ತಾದ ಮೇಲೆ ಒಂದು ಪ್ರಶ್ನೆ ನೀವೇ ಕೇಳ್ಕೊಳ್ಳಿ, ಈ ಮನುಷ್ಯ ಹೋದ್ರೆ ಮುಂದೆ ಯಾರು? ಅವನ ಸೇನಾಪತಿ ಲೇನಿಯಸ್. ಅವನಿಗೆ ಗೊತ್ತಿರೋದು ಕತ್ತಿ ಒಂದೇ.

ಪ್ರಶ್ನೆ: ಕೊನೇವರೆಗೂ ಎಲ್ಲರ ಜೊತೆ ಚೆನ್ನಾಗಿರಬಹುದಾ? (ಓದುಗರು, ಬೆಂಗಳೂರು)

ಉತ್ತರ: ಇಲ್ಲ, ಆದ್ರೆ ನೀವಂದ್ಕೊಂಡಿದ್ದಕ್ಕಿಂತ ಜಾಸ್ತಿ ದಿನ ಎರಡು ದೋಣಿ ಮೇಲೆ ಕಾಲಿಡಬಹುದು. ಇಲ್ಲಿ ಒಳ್ಳೇ ಹೆಸ್ರು ಕೆಟ್ಟ ಹೆಸ್ರು ಬೇರೆ ಬೇರೆ ಲೆಕ್ಕ, ಒಂದು ಮಾಡಿದ್ದಕ್ಕೆ ಇನ್ನೊಂದು ವಜಾ ಆಗಲ್ಲ. ವೇಗಸ್‌ನ ಕ್ಯಾಸಿನೊ ಬೀದಿ ಸ್ಟ್ರಿಪ್‌ಗೆ ಹೋಗಿ ಕಥೆ ಮುಂದುವರೆದ ಮೇಲೆ ಲೀಜನ್ನೂ ಎನ್‌ಸಿಆರೂ ಒಂದ್ಸಲ ಹಳೇದೆಲ್ಲ ಮನ್ನಾ ಮಾಡ್ತಾರೆ. ಎರಡನೇ ಸಲ ಮನ್ನಾ ಇಲ್ಲ. ನಾನು ಒಂದ್ಸಲ ಎನ್‌ಸಿಆರ್ ಯೂನಿಫಾರ್ಮ್ ಹಾಕ್ಕೊಂಡಿದ್ದು ಮರೆತೇಬಿಟ್ಟು ಲೀಜನ್ ಶಿಬಿರ ಕಾಟನ್‌ವುಡ್ ಕೋವ್‌ಗೆ ದೂತನ ಥರ ಠೀವಿಯಿಂದ ನಡ್ಕೊಂಡು ಹೋದೆ, ಬಾಯಿ ಬಿಡೋಕೂ ಮುಂಚೆ ಹೆಣ, ಸೇವ್ ಮಾಡಿದ್ದು ಎರಡು ಗಂಟೆ ಹಿಂದೆ, ಅವತ್ತು ಮನೇಲಿ ಯಾರ ಹತ್ರಾನೂ ಮಾತಾಡ್ಲಿಲ್ಲ. ಡ್ಯಾಮ್ ಯುದ್ಧ ಮುಗಿದ್ರೆ ಗೇಮೂ ಮುಗೀತು, ಆಮೇಲೆ ತಿರುಗಾಡೋಕಾಗಲ್ಲ, ಅದಕ್ಕೆ ಮುಂಚೆ ಒಂದು ಬೇರೆ ಸೇವ್ ಇಟ್ಕೊಳ್ಳಿ.

ಪ್ರಶ್ನೆ: ಸ್ಕೈರಿಮ್ ಗೇಮಲ್ಲಿ ಇಂಪೀರಿಯಲ್ ಸಾಮ್ರಾಜ್ಯದ ವಿರುದ್ಧ ದಂಗೆ ಎದ್ದಿರೋ ಸ್ಟಾರ್ಮ್‌ಕ್ಲೋಕ್ಸೇ ಸರಿ ಅಲ್ವಾ? ಶುರುವಿನಲ್ಲೇ ಇಂಪೀರಿಯಲ್‌ನೋರು ನನ್ನ ತಲೆ ಕಡಿಯೋಕೆ ಬಂದಿದ್ರು. (ಓದುಗರು, ಮೈಸೂರು)

ಉತ್ತರ: ಸಿಟ್ಟು ಅರ್ಥ ಆಗುತ್ತೆ. ಆದ್ರೂ ಎರಡು ಊರ ಬಾಗಿಲು ನೋಡಿ ಬನ್ನಿ. ಇಂಪೀರಿಯಲ್ ಕಡೆಯ ಸಾಲಿಟ್ಯೂಡ್ ಒಳಗೆ ಕಾಲಿಟ್ಟ ತಕ್ಷಣ ಒಬ್ಬನ ತಲೆ ತೆಗಿತಾರೆ, ಅವನು ಮಾಡಿದ್ದು ದಂಗೆ ನಾಯಕ ಉಲ್ಫ್ರಿಕ್ ಹೋಗೋಕೆ ಬಾಗಿಲು ತೆಗೆದಿದ್ದು. ಉಲ್ಫ್ರಿಕ್‌ನ ಊರು ವಿಂಡ್‌ಹೆಲ್ಮ್ ಒಳಗೆ ಕಾಲಿಟ್ರೆ ಇಬ್ಬರು ನಾರ್ಡ್‌ಗಳು, ಅಂದ್ರೆ ಅಲ್ಲಿನ ಸ್ಥಳೀಯರು, ಒಬ್ಬ ಡಾರ್ಕ್ ಎಲ್ಫ್ ಹೆಂಗಸನ್ನ ನಿಲ್ಲಿಸ್ಕೊಂಡು ಬೆದರಿಸ್ತಿರ್ತಾರೆ, ಹಲ್ಲಿ ಮೈಯ ಆರ್ಗೋನಿಯನ್‌ಗಳಿಗಂತೂ ಊರೊಳಗೇ ಪ್ರವೇಶ ಇಲ್ಲ, ಬಂದರಲ್ಲೇ ಬಾಳು. ಹೊರಗಿನ ಎಲ್ಫ್ ಸರ್ಕಾರ ಥಾಲ್ಮೋರ್‌ನ ರಾಯಭಾರಿ ಕಚೇರಿಗೆ ನುಗ್ಗಿದಾಗ ಉಲ್ಫ್ರಿಕ್ ಮೇಲಿನ ಫೈಲ್ ಸಿಗುತ್ತೆ, ಓದದೇ ಬಿಡ್ಬೇಡಿ. ಯಾರೂ ಬೇಗ ಗೆಲ್ಲದೇ ಜಗಳ ಎಳೀತಾ ಇರ್ಲಿ ಅನ್ನೋದೇ ಥಾಲ್ಮೋರ್‌ನೋರಿಗೆ ಬೇಕಾಗಿರೋದು. ನಾನು ಅದನ್ನ ಓದಿ ಎದ್ದು ಟೀ ಮಾಡ್ಕೊಂಡು ಬಂದೆ. ಹಳೇ ರಾಜರ ಕಿರೀಟ ಜ್ಯಾಗೆಡ್ ಕ್ರೌನ್ ಕೈಗೆ ಬಂದ ಮೇಲೂ ಆ ಕಡೆಗೆ ಕೊಡೋ ಬದ್ಲು ಈ ಕಡೆಗೆ ಕೊಟ್ಟು ಪಕ್ಷಾಂತರ ಮಾಡಬಹುದು, ನಮಗೆ ಹೊಸದೇನಲ್ಲ.

ಪ್ರಶ್ನೆ: ಫಾಲೌಟ್ 4ರಲ್ಲಿ ಯಾರನ್ನೂ ಜಾಸ್ತಿ ಸಾಯಿಸದೆ ಮುಗಿಸೋದು ಹೇಗೆ? (ಓದುಗರು, ಉಡುಪಿ)

ಉತ್ತರ: ಹಳ್ಳಿ ಕಾಯೋ ಮಿನಿಟ್‌ಮೆನ್ ಗುಂಪಿನ ದಾರಿ ಹಿಡೀರಿ, ವಿಜ್ಞಾನಿಗಳ ಗುಂಪು ಇನ್‌ಸ್ಟಿಟ್ಯೂಟ್ ಒಂದು ಹೋಗುತ್ತೆ, ರೈಲ್‌ರೋಡ್, ಬ್ರದರ್‌ಹುಡ್ ಗುಂಪು ಎರಡೂ ಉಳಿಸ್ಕೋಬಹುದು. ಮಿನಿಟ್‌ಮೆನ್‌ನ ಪ್ರೆಸ್ಟನ್ ಬಂದು ಇನ್ನೊಂದು ಹಳ್ಳಿಗೆ ಕಷ್ಟ ಬಂದಿದೆ ಅಂತ ದಿನಾ ತಲೆ ತಿಂತಾನೆ, ಅದಕ್ಕೆ ಮದ್ದಿಲ್ಲ.

ಪ್ರಶ್ನೆ: ಬೂನ್‌ನ ಕರ್ಕೊಂಡು ಸೀಸರ್ ಹತ್ರ ಸುಮ್ನೆ ಮಾತಾಡೋಕೆ ಹೋಗಬಹುದಾ? (ಓದುಗರು, ಹಾಸನ)

ಉತ್ತರ: ಹೋಗಬಹುದು. ಲೀಜನ್‌ನೋರನ್ನ ಕಂಡ್ರೆ ಬೂನ್ ರೈಫಲ್ಲೇ ಮೊದ್ಲು ಮಾತಾಡೋದು, ನಿಮಗೆ ಮಾತಾಡೋಕಂತೂ ಆಗಲ್ಲ.