ಓದುಗರ ಪ್ರಶ್ನೆ: ಯೌವನಸ್ಥರ ಕೂಟದಿಂದ ಸಭೆಗೇನು ಲಾಭ?

ಪ್ರಶ್ನೆ: ನಮ್ಮ ಸಭೆಯಲ್ಲಿ ಶನಿವಾರ ಸಂಜೆಯ ಯೌವನಸ್ಥರ ಕೂಟಕ್ಕೆ ಜಾಗ ಸಾಲದಷ್ಟು ಮಂದಿ ಸೇರುತ್ತಾರೆ. ಅದೇ ಮಕ್ಕಳು ಭಾನುವಾರದ ಆರಾಧನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಆಶೀರ್ವಾದಕ್ಕೆ ಮೊದಲೇ ಎದ್ದುಹೋಗುತ್ತಾರೆ. ಮದುವೆಯಾದ ಮೇಲೆ ಎರಡಕ್ಕೂ ಬರುವುದಿಲ್ಲ. ಹೀಗಿರುವಾಗ ಯುವಜನ ಸೇವೆಯಿಂದ ಸಭೆಗೇನು ಲಾಭ?
– ಸಭಾ ಸಮಿತಿಯ ಸದಸ್ಯರೊಬ್ಬರು, ಧಾರವಾಡ

ಉತ್ತರ: ತಾವು ಕೇಳಿರುವುದು ಸುಮಾರು ನೂರ ನಲವತ್ತು ವರ್ಷಗಳ ಹಿಂದೆ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಸಭಾಪಾಲಕರನ್ನೂ ಕಾಡಿದ ಪ್ರಶ್ನೆ. ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಟ್ಟಣದಲ್ಲಿ ಅವರು ಪಾಲಕರಾಗಿದ್ದ ವಿಲಿಸ್ಟನ್ ಸಭೆಯಲ್ಲಿ, ಚಳಿಗಾಲದ ಪ್ರಾರ್ಥನಾ ಕೂಟಗಳಲ್ಲಿ ವಿಶ್ವಾಸಕ್ಕೆ ಬಂದ ಎಳೆಯರ ಉತ್ಸಾಹವು ಕೆಲವೇ ವಾರಗಳಲ್ಲಿ ಆರಿಹೋದೀತೆಂಬ ಚಿಂತೆ ಅವರಿಗಿತ್ತು. 1881ರ ಫೆಬ್ರವರಿ 2ರಂದು ಅವರನ್ನೆಲ್ಲ ತಮ್ಮ ಮನೆಗೆ ಕರೆದು ‘ಕ್ರಿಶ್ಚಿಯನ್ ಎಂಡೆವರ್’ ಸಂಘವನ್ನು ಆರಂಭಿಸಿದರು. ಕ್ಲಾರ್ಕ್ ಅವರಿಗೆ ಆಗ 29 ವರ್ಷ. ಮಕ್ಕಳಿಗೆ ಮನರಂಜನೆಯನ್ನು ಒದಗಿಸುವ ಬದಲು, ಪ್ರತಿ ಕೂಟಕ್ಕೂ ಬಂದು ಪ್ರತಿ ಕೂಟದಲ್ಲಿಯೂ ಏನಾದರೊಂದು ಪಾಲು ವಹಿಸುತ್ತೇನೆಂಬ ಪ್ರತಿಜ್ಞೆಯನ್ನು ಅವರು ಮುಂದಿಟ್ಟರು. ಅದನ್ನು ಕೇಳಿ ಎಳೆಯರು ಮೊದಲು ಹಿಂಜರಿದರು. ಆದರೆ ಸಂಘವು ಹಲವು ದೇಶಗಳಿಗೆ ಹಬ್ಬಿತು.

ತಮ್ಮ ಸಭೆಗೆ ಮುಖ್ಯವಾದ ಮಾತು ಇನ್ನೊಂದಿದೆ. ಸಂಘವು ಬೆಳೆದಂತೆ, ತನ್ನ ಸ್ವಂತ ಸಭೆಯ ಭಾನುವಾರದ ಆರಾಧನೆಗೆ ತಪ್ಪದೆ ಬರುತ್ತೇನೆಂಬ ಮಾತೂ ಪ್ರತಿಜ್ಞೆಗೆ ಸೇರಿತು, ‘ಕ್ರಿಸ್ತನಿಗಾಗಿ ಮತ್ತು ಸಭೆಗಾಗಿ’ ಎಂಬುದು ಅದರ ಧ್ಯೇಯವಾಕ್ಯವಾಯಿತು. ನಮ್ಮಲ್ಲಿ ಕಡಿದುಹೋಗಿರುವುದು ಈ ಕೊಂಡಿಯೇ. ಶನಿವಾರ ಪ್ರಾರ್ಥನೆಯನ್ನು ನಡೆಸಿ, ವಾಕ್ಯವನ್ನು ವಿವರಿಸಿ, ಹಾಡಿಸುವ ಹುಡುಗಿಗೆ ಭಾನುವಾರ ನಾವು ಕೊಡುವ ಕೆಲಸವೆಂದರೆ ಕಾಣಿಕೆಯ ಚೀಲವನ್ನು ಹಿಡಿಯುವುದು, ಕ್ರಿಸ್ಮಸ್ ಬಂದರೆ ನಕ್ಷತ್ರ ಕಟ್ಟುವುದು. (ಅದನ್ನೂ ಹಿರಿಯರು ಕೆಳಗೆ ನಿಂತು ತಿದ್ದುತ್ತಾರೆ.) ಇಪ್ಪತ್ತೈದು ವರ್ಷದವರೆಗೆ ಕೂಟವೇ ತಮ್ಮ ಸಭೆಯೆಂದು ಬೆಳೆದವರು, ಮದುವೆಯಾಗಿ ಕೂಟದಿಂದ ಹೊರಬಿದ್ದ ದಿನ ಭಾನುವಾರದ ಸಭೆಯಲ್ಲಿ ಅತಿಥಿಗಳಾಗುತ್ತಾರೆ, ಅತಿಥಿಗಳು ಬಹಳ ದಿನ ನಿಲ್ಲುವುದಿಲ್ಲ. ಆದುದರಿಂದ ಕೂಟವನ್ನು ನಿಲ್ಲಿಸಬೇಡಿ. ವೇದಪಾಠದ ಓದು, ರೋಗಿಗಳ ಭೇಟಿ, ಸಭೆಯ ಲೆಕ್ಕಪತ್ರ ಇವುಗಳಲ್ಲಿ ಎರಡನ್ನಾದರೂ ಅವರ ಕೈಗೊಪ್ಪಿಸಿ, ತಪ್ಪಿದರೆ ಒಂದು ವರ್ಷ ತಾಳಿಕೊಳ್ಳಿ.

ಪ್ರಶ್ನೆ: ಆರಾಧನೆಯಲ್ಲಿ ಗಿಟಾರ್ ನುಡಿಸಿ ಹೊಸ ಹಾಡು ಹಾಡಲು ಯುವಕರು ಕೇಳುತ್ತಾರೆ. ಹಿರಿಯರು ಒಪ್ಪುವುದಿಲ್ಲ.
– ಓದುಗರೊಬ್ಬರು, ಮಂಗಳೂರು

ಉತ್ತರ: ಬಾಸೆಲ್ ಮಿಷನ್ನಿನ ಕಿಟೆಲ್ ಅವರು 1853ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ 21 ವರ್ಷ, ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳುವ ‘ಕಥಾಮಾಲೆ’ಯು 1862ರಲ್ಲಿ ಅಚ್ಚಾಯಿತು. ಈಗ ಹಳೆಯದೆನಿಸುವುದೂ ಒಂದು ಕಾಲಕ್ಕೆ ಯುವಕರ ಕೈಯಿಂದಲೇ ಬಂದಿತ್ತು. ಭಕ್ತಿಯ ದನಿಯೆಂದು ನಾವು ಭಾವಿಸುವ ಹಾರ್ಮೋನಿಯಂ ಕೂಡ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯ. ಗಿಟಾರಿಗೆ ನನ್ನ ಆಕ್ಷೇಪವಿಲ್ಲ. ಸಭೆಯು ಬಾಯಿಮುಚ್ಚಿ ನಿಂತು, ವೇದಿಕೆಯ ಐವರು ಮಾತ್ರ ಹಾಡುವುದಕ್ಕೆ ಇದೆ. ಇಂಗ್ಲಿಷಿನಿಂದ ತಂದ ಎಷ್ಟೋ ಹಾಡುಗಳಲ್ಲಿ ಕನ್ನಡದ ಪದವು ರಾಗಕ್ಕೆ ಸಿಕ್ಕಿ ಒದ್ದಾಡುತ್ತದೆ, ಅಂಥವನ್ನು ಬಿಡಲಿ. ತಿಂಗಳಿಗೊಂದೇ ಹೊಸ ಹಾಡನ್ನು ಆರಿಸಿ, ಆರಾಧನೆಗೆ ಹತ್ತು ನಿಮಿಷ ಮೊದಲು ಯುವಕರೇ ಅದನ್ನು ಹಿರಿಯರಿಗೆ ಕಲಿಸಲಿ.