ಕಾರ್ಡ್ ಇಟ್ಟುಕೊಳ್ಳುವುದು ಬೇರೆ, ಉಜ್ಜುವುದು ಬೇರೆ

ವಿಮಾನ ಕಂಪನಿ ಅಥವಾ ಹೋಟೆಲ್ ಸರಪಳಿಯ ಹೆಸರು ಹೊತ್ತ ಕೋ-ಬ್ರಾಂಡೆಡ್ ಕ್ರೆಡಿಟ್ ಕಾರ್ಡ್‌ಗಳ ಬಗ್ಗೆ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ಬ್ಯಾಂಕುಗಳು ಪ್ರಕಟಿಸಿದ ಷರತ್ತುಗಳ ಮೇಲೆ ಲೆಕ್ಕ ಹಾಕಿದ್ದೇವೆ. ಈ ಷರತ್ತುಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನ ಬ್ಯಾಂಕಿನ ಜಾಲತಾಣದಲ್ಲಿ ಎಂಐಟಿಸಿ ಎಂಬ ಷರತ್ತುಪಟ್ಟಿಯನ್ನು ತೆರೆದು ನೋಡಿಯೇ ಸಹಿ ಮಾಡಿ.

ಪ್ರ: ವರ್ಷಕ್ಕೆ ಏಳೆಂಟು ರಾತ್ರಿ ಮ್ಯಾರಿಯಟ್ ಹೋಟೆಲ್‌ಗಳಲ್ಲಿ ತಂಗುತ್ತೇನೆ. ಎಚ್‌ಡಿಎಫ್‌ಸಿ ಬ್ಯಾಂಕಿನ ಮ್ಯಾರಿಯಟ್ ಬಾನ್‌ವಾಯ್ ಕಾರ್ಡ್ ಪಡೆದು, ತಿಂಗಳಿಗೆ 40 ಸಾವಿರದಷ್ಟು ಬರುವ ಮನೆಖರ್ಚನ್ನೆಲ್ಲ ಅದರಲ್ಲೇ ಮಾಡಿದರೆ ಲಾಭವೇ? (ಓದುಗರು, ಮೈಸೂರು)

ಉ: ಕಾರ್ಡ್ ತೆಗೆದುಕೊಳ್ಳಿ. ಮನೆಖರ್ಚನ್ನು ಅದಕ್ಕೆ ಹಾಕಬೇಡಿ.

2023ರಲ್ಲಿ ಈ ಕಾರ್ಡ್ ಬಂದಾಗ ಪ್ರಕಟವಾದ ಷರತ್ತು ಹೀಗಿತ್ತು: ವಾರ್ಷಿಕ ಶುಲ್ಕ 3,000 ರೂ., ಶೇ 18ರ ಜಿಎಸ್‌ಟಿ ಸೇರಿ 3,540 ರೂ. ಸೇರಿದಾಗಲೂ, ಪ್ರತಿ ವರ್ಷ ನವೀಕರಿಸಿದಾಗಲೂ ಒಂದು ಉಚಿತ ರಾತ್ರಿ, ಅಂದರೆ ಪಾಯಿಂಟ್‌ನಲ್ಲಿ ಹೇಳುವ ದರ 15,000 ಮೀರದ ಕೋಣೆ. ಮ್ಯಾರಿಯಟ್ ಹೋಟೆಲ್‌ಗಳಲ್ಲಿ ಮಾಡುವ ಖರ್ಚಿಗೆ 150 ರೂ.ಗೆ 8 ಪಾಯಿಂಟ್, ಪ್ರಯಾಣ, ಊಟ, ಮನರಂಜನೆಗೆ 4, ಉಳಿದದ್ದಕ್ಕೆ 2.

ಮೊದಲು ಉಚಿತ ರಾತ್ರಿಯ ಬೆಲೆ ಕಟ್ಟೋಣ. ದಿನಕ್ಕೆ 7,500 ರೂ. ಮೀರದ ಕೋಣೆಗೆ ಈಗ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18 ಜಿಎಸ್‌ಟಿ. ಹಾಗಾಗಿ 7,000 ರೂ. ಕೋಣೆ ಕೈಗೆ ಬರುವಾಗ 7,350 ಆದರೆ, 8,000ದ ಕೋಣೆ 9,440 ಆಗುತ್ತದೆ. ಉಚಿತ ರಾತ್ರಿಯಲ್ಲಿ ಬಾಡಿಗೆಯೂ ಇಲ್ಲ, ಅದರ ಮೇಲಿನ ತೆರಿಗೆಯೂ ಇಲ್ಲ. 3,540 ಕೊಟ್ಟು 7,350ರ ಕೋಣೆ ಪಡೆದರೂ ವರ್ಷಕ್ಕೆ 3,800 ರೂ. ಉಳಿತಾಯ. ಒಂದು ಎಚ್ಚರಿಕೆ: ಉಚಿತ ರಾತ್ರಿ ಬಳಸುವ ಊರಿನಲ್ಲಿ ನೀವು ಸ್ವಂತ ದುಡ್ಡಿಗೆ 3,500 ರೂ. ಲಾಡ್ಜಿನಲ್ಲೇ ಇಳಿಯುವವರಾದರೆ ಆ ರಾತ್ರಿಯ ಬೆಲೆಯೂ ನಿಮಗೆ 3,500 ಅಷ್ಟೇ. ಆಗ ಕೊಟ್ಟ ಶುಲ್ಕಕ್ಕೂ ಸಿಕ್ಕ ರಾತ್ರಿಗೂ ಸರಿಹೋಯಿತು, ಲಾಭವೇನೂ ಇಲ್ಲ.

ಈ ಉಚಿತ ರಾತ್ರಿ ಕೈತಪ್ಪುವುದು ಎರಡು ಕಾರಣಕ್ಕೆ. ಮ್ಯಾರಿಯಟ್‌ನಲ್ಲಿ ಪಾಯಿಂಟ್ ದರ ನಿಗದಿತವಲ್ಲ, ದಿನಕ್ಕೊಂದು ಇರುತ್ತದೆ. ಮಂಗಳವಾರ 12 ಸಾವಿರಕ್ಕೆ ಸಿಗುವ ಕೋಣೆ ದಸರಾ ರಜೆಯ ಶನಿವಾರ 15 ಸಾವಿರದ ಗೆರೆ ದಾಟಿರಬಹುದು. ಆಗ ನಿಮ್ಮ ಖಾತೆಯ ಪಾಯಿಂಟ್ ಸೇರಿಸಿ ತುಂಬಿಸಬಹುದು, ಅದಕ್ಕೂ ಮಿತಿ ಇದೆ. ಎರಡನೆಯದು, ಒಂದು ವರ್ಷದ ಗಡುವು. ಬುಕ್ ಮಾಡಿದ್ದರೆ ಸಾಕು ಎಂದುಕೊಳ್ಳಬೇಡಿ, ಗಡುವಿನೊಳಗೆ ತಂಗಿ ಹೊರಬಂದಿರಬೇಕು. ರಾತ್ರಿ ಖಾತೆಗೆ ಬಂದ ವಾರವೇ ತಾರೀಖು ಗೊತ್ತುಮಾಡಿಬಿಡುವುದು ಒಳ್ಳೆಯದು.

ಈಗ ಮನೆಖರ್ಚು. ತಿಂಗಳಿಗೆ 40 ಸಾವಿರ ಎಂದರೆ ವರ್ಷಕ್ಕೆ 4.8 ಲಕ್ಷ. 150ಕ್ಕೆ 2ರಂತೆ 6,400 ಪಾಯಿಂಟ್. ಪಾಯಿಂಟಿಗೆ 70 ಪೈಸೆ ಹಿಡಿದರೆ 4,480 ರೂ., ಅಂದರೆ ಶೇಕಡಾ ಒಂದೂ ಇಲ್ಲ. ಇದೇ ಖರ್ಚನ್ನು ಶೇ 1.5 ಕ್ಯಾಶ್‌ಬ್ಯಾಕ್ ಕೊಡುವ ಸಾಮಾನ್ಯ ಕಾರ್ಡಿನಲ್ಲಿ ಮಾಡಿದ್ದರೆ 7,200 ರೂ. ನಗದಾಗಿಯೇ ಬರುತ್ತಿತ್ತು. ಮ್ಯಾರಿಯಟ್ ಕಾರ್ಡ್ ಉಜ್ಜಿದ ಪ್ರತಿ ತಿಂಗಳೂ ನೀವು ಇನ್ನೂರು ರೂಪಾಯಿಗೂ ಹೆಚ್ಚು ಬಿಟ್ಟುಕೊಟ್ಟಂತೆ. ಇಂಧನ, ಬಾಡಿಗೆ, ವಾಲೆಟ್‌ಗೆ ಹಣ ತುಂಬುವುದು ಮುಂತಾದವಕ್ಕೆ ಪಾಯಿಂಟ್ ಸಿಗದಿರುವುದು ಇದರ ಮೇಲೆ.

70 ಪೈಸೆಯನ್ನು ನಮ್ಮ ಮಾತಿನ ಮೇಲೆ ನಂಬಬೇಕಿಲ್ಲ. ನಿಜವಾಗಿ ಹೋಗಲಿರುವ ಮೂರು ದಿನಾಂಕ ಆರಿಸಿ, ಆ್ಯಪ್‌ನಲ್ಲಿ ತೆರಿಗೆ ಸೇರಿದ ನಗದು ದರವನ್ನು ಪಾಯಿಂಟ್ ದರದಿಂದ ಭಾಗಿಸಿ. 9,440 ರೂ. ಕೋಣೆಗೆ 14,000 ಪಾಯಿಂಟ್ ಕೇಳಿದರೆ ಪಾಯಿಂಟಿಗೆ 67 ಪೈಸೆ. ನಿಮ್ಮ ಸರಾಸರಿ 50 ಪೈಸೆಗಿಂತ ಕೆಳಗಿದ್ದರೆ ನಮ್ಮ ಲೆಕ್ಕವೂ ನಿಮಗೆ ಉದಾರವೇ.

ಒಂದು ಅಪವಾದವಿದೆ. ವರ್ಷದ ಖರ್ಚು 6 ಲಕ್ಷ, 9 ಲಕ್ಷ, 15 ಲಕ್ಷ ಮುಟ್ಟಿದಾಗ ತಲಾ ಒಂದು ರಾತ್ರಿ ಹೆಚ್ಚುವರಿ. ರಾತ್ರಿಗೆ 7,000 ಹಿಡಿದರೆ, 6 ಲಕ್ಷಕ್ಕೆ 5,600 ರೂ. ಮೌಲ್ಯದ ಪಾಯಿಂಟ್ ಸೇರಿ 12,600, ಅಂದರೆ ಶೇ 2.1. ಆರರಿಂದ ಒಂಬತ್ತು ಲಕ್ಷದ ನಡುವಿನ 3 ಲಕ್ಷಕ್ಕಂತೂ ಶೇ 3.2 ದಾಟುತ್ತದೆ, ಈ ಕಾರ್ಡಿನ ಅತಿ ಲಾಭದ ಭಾಗ ಅದೇ. ಆದರೆ 4.8 ಲಕ್ಷಕ್ಕೆ ನಿಂತವರಿಗೆ ಇದರಲ್ಲಿ ಒಂದೂ ಇಲ್ಲ. 5 ಲಕ್ಷ 90 ಸಾವಿರಕ್ಕೆ ನಿಂತವರ ಗತಿಯೂ ಅಷ್ಟೇ. ಮನೆಯಲ್ಲಿ ಮದುವೆ, ರಿಪೇರಿ ಇರುವ ವರ್ಷವಾದರೆ ಮೊದಲೇ ಯೋಜಿಸಿ ಗೆರೆ ದಾಟಿಸಿ, ಇಲ್ಲವಾದರೆ ಆ ಆಸೆಯನ್ನೇ ಬಿಡಿ. ಯಾವ ಖರ್ಚು ಈ ಮೊತ್ತಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದನ್ನು ಮುಂಚೆಯೇ ಓದಿಕೊಳ್ಳಿ.

ಮ್ಯಾರಿಯಟ್ ಬಿಲ್ಲಿಗೆ ಮಾತ್ರ ಇದನ್ನೇ ಕೊಡಿ. ಅಲ್ಲಿ ಶೇ 3.7ರಷ್ಟು ಮರಳುತ್ತದೆ. ಅದೂ ಭಾರತದಲ್ಲಿ. ಬ್ಯಾಂಕಾಕಿನ ಮ್ಯಾರಿಯಟ್‌ನಲ್ಲಿ ಉಜ್ಜಿದರೆ ಶೇ 3.5 ವಿದೇಶಿ ವಿನಿಮಯ ಶುಲ್ಕ, ಅದಕ್ಕೆ ಜಿಎಸ್‌ಟಿ, ಒಟ್ಟು ಶೇ 4.13 ಹೋಗುತ್ತದೆ. ಬರುವುದಕ್ಕಿಂತ ಹೋಗುವುದೇ ಹೆಚ್ಚು! ಅಲ್ಲಿ ವಿನಿಮಯ ಶುಲ್ಕ ಕಡಿಮೆ ಇರುವ ಬೇರೆ ಕಾರ್ಡ್ ಬಳಸಿ. ಕೌಂಟರಿನಲ್ಲಿ 'ರೂಪಾಯಿಯಲ್ಲೇ ಬಿಲ್ ಮಾಡಲೇ' ಎಂದು ಕೇಳಿದರೆ ಬೇಡ ಎನ್ನಿ, ಅವರು ಹಾಕುವ ದರ ಇನ್ನೂ ದುಬಾರಿ.

ಕಾರ್ಡಿನ ಜೊತೆಗೆ ಬರುವ ಮ್ಯಾರಿಯಟ್ ಸದಸ್ಯತ್ವದ ಸಿಲ್ವರ್ ದರ್ಜೆಗೆ ಬೆಲೆ ಕಟ್ಟಲು ಹೋಗಬೇಡಿ, ಅದರಲ್ಲಿ ಬೆಳಗಿನ ತಿಂಡಿಯೂ ಇಲ್ಲ. ಬೆಲೆ ಇರುವುದು ಕಾರ್ಡ್ ಕೊಡುವ 10 ಎಲೀಟ್ ರಾತ್ರಿಗಳಿಗೆ (ದರ್ಜೆ ಏರಲು ತಂಗಿದಂತೆ ಲೆಕ್ಕಕ್ಕೆ ಬರುವ ರಾತ್ರಿಗಳು): ಮೇಲಿನ ಗೋಲ್ಡ್ ದರ್ಜೆಗೆ ಬೇಕಾದ 25ರಲ್ಲಿ 10 ಕುಳಿತಲ್ಲೇ ಬಂದವು. ನಿಮ್ಮ ಏಳೆಂಟು ರಾತ್ರಿ ಸೇರಿಸಿದರೂ 18ರ ಹತ್ತಿರ ನಿಲ್ಲುತ್ತೀರಿ. ಅದಕ್ಕಾಗಿ ಇನ್ನೇಳು ರಾತ್ರಿ ದುಡ್ಡು ಕೊಟ್ಟು ತಂಗುವ ಹುಚ್ಚಿಗೆ ಬೀಳಬೇಡಿ. ಇನ್ನೊಂದು, ಬುಕಿಂಗ್ ಮ್ಯಾರಿಯಟ್‌ನ ಸ್ವಂತ ಆ್ಯಪ್ ಅಥವಾ ಜಾಲತಾಣದಲ್ಲೇ ಇರಲಿ. ಮೂರನೆಯವರ ಜಾಲತಾಣದಲ್ಲಿ ಕೋಣೆ ಹಿಡಿದರೆ ತಂಗಿದ್ದಕ್ಕೆ ಪಾಯಿಂಟೂ ಇಲ್ಲ, ಎಲೀಟ್ ರಾತ್ರಿಯೂ ಇಲ್ಲ.

ಪ್ರ: ವ್ಯಾಪಾರಕ್ಕಾಗಿ ತಿಂಗಳಿಗೆ ಎರಡು ಸಲ ವಿಮಾನದಲ್ಲಿ ಓಡಾಟ. ಹೆಚ್ಚಿನ ಸಲ ಇಂಡಿಗೋ. ನಿಲ್ದಾಣದ ಮಳಿಗೆಯಲ್ಲಿ ಏಜೆಂಟರು ವಿಮಾನ ಕಂಪನಿಯ ಕಾರ್ಡ್ ತೆಗೆದುಕೊಳ್ಳಿ ಎಂದು ಹಿಂದೆ ಬಿದ್ದಿದ್ದಾರೆ. (ಓದುಗರು, ಹುಬ್ಬಳ್ಳಿ)

ಉ: ನಿಮ್ಮ ಊರಿನಿಂದ ಆಯ್ಕೆ ಕಡಿಮೆ, ಇರುವ ವಿಮಾನದಲ್ಲೇ ಹೋಗಬೇಕು. ಕಾರ್ಡಿನ ಮಟ್ಟಿಗೆ ಇದು ಒಳ್ಳೆಯದೇ, ಪಾಯಿಂಟಿನ ಆಸೆಗೆ ದುಬಾರಿ ಟಿಕೆಟ್ ಕೊಳ್ಳುವ ಅಪಾಯವಿಲ್ಲ.

ಒಂದು ಟಿಕೆಟ್ 6,000 ರೂ. ಎಂದಿಟ್ಟುಕೊಳ್ಳಿ, ವರ್ಷಕ್ಕೆ 24. ಒಟ್ಟು 1.44 ಲಕ್ಷ. ಕಂಪನಿಯ ಕಾರ್ಡ್ ಟಿಕೆಟ್ ಖರ್ಚಿಗೆ ಶೇ 4ರಷ್ಟು ಮೌಲ್ಯ ಕೊಟ್ಟರೆ 5,760 ರೂ. ನಿಮ್ಮಲ್ಲಿರುವ ಸಾಮಾನ್ಯ ಕಾರ್ಡ್ ಶೇ 2 ಕೊಡುತ್ತಿದ್ದರೆ 2,880 ಹೇಗೂ ಬರುತ್ತಿತ್ತು. ಹೊಸ ಕಾರ್ಡಿನಿಂದ ಹೆಚ್ಚಾಗಿ ಸಿಕ್ಕಿದ್ದು ಉಳಿದ 2,880 ಮಾತ್ರ. ಶುಲ್ಕದ ಪಕ್ಕ ಇಡಬೇಕಾದದ್ದು ಈ ಹೆಚ್ಚುವರಿಯನ್ನು. ಏಜೆಂಟರು ಇಡೀ 5,760 ತೋರಿಸುತ್ತಾರೆ. 5,000 ರೂ. ಶುಲ್ಕದ ಕಾರ್ಡ್ ಜಿಎಸ್‌ಟಿ ಸೇರಿ 5,900 ಆಗುತ್ತದೆ, ಅಲ್ಲಿಗೆ ಮೂರು ಸಾವಿರ ನಷ್ಟ. ಸೇರುವಾಗ ಕೊಡುವ ವೋಚರ್ ಮೊದಲ ವರ್ಷ ಈ ಗುಂಡಿ ಮುಚ್ಚುತ್ತದೆ. ಆದ್ದರಿಂದ ಎರಡನೇ ವರ್ಷದ ಲೆಕ್ಕ ಹಾಕಿ ನಿರ್ಧರಿಸಿ.

ಇನ್ನು, ಟಿಕೆಟ್ ದುಡ್ಡು ಯಾರು, ಎಲ್ಲಿ ಕಟ್ಟುತ್ತಾರೆ? ಹೆಚ್ಚಿನ ದರದ ಪಾಯಿಂಟ್ ಸಾಮಾನ್ಯವಾಗಿ ವಿಮಾನ ಕಂಪನಿಯ ಸ್ವಂತ ಆ್ಯಪ್, ಜಾಲತಾಣಕ್ಕೆ ಮಾತ್ರ. ಟ್ರಾವೆಲ್ ಏಜೆಂಟರಲ್ಲಿ ಉಜ್ಜಿದರೆ ದುಡ್ಡು ಪಡೆದವರು ಯಾವ ಬಗೆಯ ವ್ಯಾಪಾರಿ ಎಂದು ಬ್ಯಾಂಕಿಗೆ ತಿಳಿಸುವ ಸಂಕೇತವೇ ಬೇರೆ, ಬರುವುದು ಮಾಮೂಲಿ ಪಾಯಿಂಟ್. 'ಪಾಯಿಂಟ್ ಬಂದಿಲ್ಲ' ಎಂಬ ದೂರುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಟಿಕೆಟ್ಟನ್ನು ಆಫೀಸಿನವರೇ ಕೊಳ್ಳುವುದಾದರೆ ಕಾರ್ಡಿನ ಪಾಯಿಂಟ್ ಸೊನ್ನೆ, ಆದರೆ ಬುಕಿಂಗ್‌ನಲ್ಲಿ ನಿಮ್ಮ ಸದಸ್ಯತ್ವ ಸಂಖ್ಯೆ ಇದ್ದರೆ ಹಾರಿದ್ದರ ಪಾಯಿಂಟ್ ನಿಮಗೇ. ಅದಕ್ಕೆ ಕಾರ್ಡೇ ಬೇಕಿಲ್ಲ, ಇಂಡಿಗೋದ ಬ್ಲೂಚಿಪ್ ಸದಸ್ಯತ್ವ ಸಾಕು.

ಮಳಿಗೆಯಲ್ಲಿ ಒಂದು ಪುಟದ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅರ್ಜಿಯ ಜೊತೆಗೇ ಅದನ್ನು ಕೊಡಬೇಕು. ಲಾಂಜ್ (ನಿಲ್ದಾಣದ ವಿಶ್ರಾಂತಿ ಕೋಣೆ) ಸೌಲಭ್ಯವಿದೆ ಎಂದು ಅವರು ಹೇಳಿದರೆ, ಹಿಂದಿನ ತ್ರೈಮಾಸಿಕದ ಖರ್ಚಿನ ಷರತ್ತು ಇದೆಯೇ, ನೀವು ಬಳಸುವ ನಿಲ್ದಾಣದ ಲಾಂಜ್ ಆ ಕಾರ್ಡನ್ನು ಒಪ್ಪುತ್ತದೆಯೇ ಎಂದು ಕೇಳಿ.

ಪ್ರ: ಮಗ ದುಬೈನಲ್ಲಿದ್ದಾನೆ, ವರ್ಷಕ್ಕೆ ಎರಡು ಸಲ ಮಂಗಳೂರಿನಿಂದ ಹೋಗುತ್ತೇವೆ. ಎಮಿರೇಟ್ಸ್ ಕಾರ್ಡ್ ಒಳ್ಳೆಯದೇ? (ಓದುಗರು, ಉಡುಪಿ)

ಉ: ಮಂಗಳೂರಿನಿಂದ ಎಮಿರೇಟ್ಸ್ ಹಾರುವುದೇ ಇಲ್ಲ, ದುಬೈಗೆ ಅಲ್ಲಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇದೆ. ಪಾಯಿಂಟಿಗಾಗಿ ಬೆಂಗಳೂರಿಗೆ ಹೋಗಿ ವಿಮಾನ ಹತ್ತುವುದಾದರೆ ಬಸ್ ಚಾರ್ಜು, ಒಂದು ದಿನ, ಎರಡು ಸೂಟ್‌ಕೇಸ್ ಹೊರುವ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇಡ.

ಪ್ರ: ವಿಸ್ತಾರಾ ಕಾರ್ಡ್ ಇತ್ತು. ಕಂಪನಿಯೇ ಇಲ್ಲವಾಯಿತು. ಇನ್ನು ವಿಮಾನದ ಕಾರ್ಡನ್ನೇ ನಂಬಬಾರದೇ? (ಓದುಗರು, ದಾವಣಗೆರೆ)

ಉ: ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಕ್ಲಬ್ ವಿಸ್ತಾರಾ ಪಾಯಿಂಟ್‌ಗಳು ಒಂದಕ್ಕೊಂದರಂತೆ ಏರ್ ಇಂಡಿಯಾದ ಮಹಾರಾಜ ಕ್ಲಬ್‌ಗೆ ಹೋದವು. ಹೀಗೆ ನಯವಾಗಿ ಮುಗಿಯುವುದು ಅಪರೂಪ. ಬೆಂಗಳೂರಿನದೇ ಆದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು, ಅದರ ಕಿಂಗ್ ಕ್ಲಬ್ ಮೈಲುಗಳನ್ನು (ವಿಮಾನದ ಪಾಯಿಂಟ್‌ಗಳನ್ನು) ಹಾರಿಸಲು ವಿಮಾನವೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಾಗ ಅದರ ಪಾಯಿಂಟ್ ಆದ ಜೆಪಿಮೈಲ್ಸ್ ಉಳಿದುಕೊಂಡು ಮುಂದೆ ಇಂಟರ್‌ಮೈಲ್ಸ್ ಆಯಿತು, ಏಕೆಂದರೆ ಆ ಕಾರ್ಯಕ್ರಮ ಪ್ರತ್ಯೇಕ ಕಂಪನಿಯಾಗಿತ್ತು, ಅಬುಧಾಬಿಯ ಎತಿಹಾದ್ ವಿಮಾನ ಕಂಪನಿಯ ಬಂಡವಾಳವೂ ಇತ್ತು.

ಕಾರ್ಡ್ ಬ್ಯಾಂಕಿನದು, ಪಾಯಿಂಟ್ ವಿಮಾನ ಕಂಪನಿಯ ಲೆಡ್ಜರಿನಲ್ಲಿರುವುದು. ಠೇವಣಿಗಿರುವ ಯಾವ ರಕ್ಷಣೆಯೂ ಅದಕ್ಕಿಲ್ಲ. ಆದ್ದರಿಂದ ಮೈಲುಗಳನ್ನು ವರ್ಷಗಟ್ಟಲೆ ಕೂಡಿಡಬೇಡಿ. ಒಂದು ಪ್ರಯಾಣಕ್ಕೆ ಆಗುವಷ್ಟು ಸೇರುತ್ತಲೇ ಖರ್ಚು ಮಾಡಿ. ಇಡಲೇಬೇಕೆಂದರೆ ಹಲವು ವಿಮಾನ, ಹೋಟೆಲ್‌ಗಳಿಗೆ ವರ್ಗಾಯಿಸಬಹುದಾದ ಬ್ಯಾಂಕಿನ ಸ್ವಂತ ಪಾಯಿಂಟ್ ರೂಪದಲ್ಲಿ ಇಡಿ, ಸೀಟು ಸಿಗುವುದನ್ನು ಕಣ್ಣಾರೆ ನೋಡಿದ ಮೇಲೆ ವರ್ಗಾಯಿಸಿ. ಒಮ್ಮೆ ಹೋದದ್ದು ವಾಪಸ್ ಬರುವುದಿಲ್ಲ.

ಪ್ರ: ತಂದೆ-ತಾಯಿಯನ್ನು ಬೆಂಗಳೂರಿನಿಂದ ಕರೆಸಿಕೊಳ್ಳಲು ಅಮೆರಿಕದ ಯುನೈಟೆಡ್ ವಿಮಾನ ಕಂಪನಿಯ ಹೆಸರಿನಲ್ಲಿ ಚೇಸ್ ಬ್ಯಾಂಕ್ ಕೊಡುವ ಕಾರ್ಡ್ ಪಡೆಯಬೇಕೆಂದಿದ್ದೇನೆ. (ಓದುಗರು, ಕ್ಯಾಲಿಫೋರ್ನಿಯಾ)

ಉ: ಕಳೆದ 24 ತಿಂಗಳಲ್ಲಿ ಯಾವುದೇ ಬ್ಯಾಂಕಿನ ಐದು ಅಥವಾ ಹೆಚ್ಚು ಕಾರ್ಡ್ ತೆರೆದಿದ್ದರೆ ಚೇಸ್ ಸಾಮಾನ್ಯವಾಗಿ ಅರ್ಜಿ ತಳ್ಳಿಹಾಕುತ್ತದೆ. ಅಂಗಡಿಗಳ ಕಾರ್ಡ್ ಕಂಡಕಂಡಲ್ಲಿ ತೆಗೆದುಕೊಳ್ಳುವ ಮೊದಲು ಇದನ್ನು ನೆನಪಿಡಿ. ಯುನೈಟೆಡ್ ಮೈಲುಗಳ ದೊಡ್ಡ ಅನುಕೂಲವೆಂದರೆ ಏರ್ ಇಂಡಿಯಾ, ಲುಫ್ತಾನ್ಸಾದಂಥ ಸ್ಟಾರ್ ಅಲಯನ್ಸ್ ಎಂಬ ಒಕ್ಕೂಟದ ವಿಮಾನಗಳ ಟಿಕೆಟ್ಟಿಗೂ ಇಂಧನ ಸರ್‌ಚಾರ್ಜ್ ಹಾಕುವುದಿಲ್ಲ, ತೆರಿಗೆ ಮಾತ್ರ. ಮೈಲುಗಳಿಂದ ಅಪ್ಪ-ಅಮ್ಮನಿಗೆ ಟಿಕೆಟ್ ಮಾಡಿಸಬಹುದು. ಉಚಿತ ಚೆಕ್-ಇನ್ ಬ್ಯಾಗ್ ಮಾತ್ರ ಅವರಿಗೆ ಸಿಗದು: ಅದು ಕಾರ್ಡ್‌ದಾರರಿಗೆ, ಅದೇ ಬುಕಿಂಗ್‌ನಲ್ಲಿ ಜೊತೆಗಿರುವ ಒಬ್ಬರಿಗೆ, ಅದೂ ಆ ಕಾರ್ಡಿನಲ್ಲೇ ಹಣ ಕಟ್ಟಿದ್ದರೆ.

ಪ್ರ: ನವೀಕರಣ ಶುಲ್ಕ ಬೀಳುವ ಮುಂಚೆ ಕಾರ್ಡ್ ಮುಚ್ಚಬೇಕು. ಗ್ರಾಹಕ ಸೇವೆಯವರು ಎಳೆದಾಡುತ್ತಿದ್ದಾರೆ. (ಓದುಗರು, ಶಿವಮೊಗ್ಗ)

ಉ: ಫೋನಿನಲ್ಲಿ ವಾದ ಬೇಡ, ಇಮೇಲ್‌ನಲ್ಲಿ ಬರೆದು ಹಾಕಿ. ಬಾಕಿ ಪೂರ್ತಿ ಕಟ್ಟಿದ್ದರೆ, ಕೋರಿಕೆ ತಲುಪಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ತಡವಾದರೆ ಮುಚ್ಚುವವರೆಗೆ ದಿನಕ್ಕೆ 500 ರೂ.ಯಂತೆ ನಿಮಗೆ ದಂಡ ಕೊಡಬೇಕು. ಈ ಸಾಲನ್ನು ಪತ್ರದಲ್ಲೇ ಬರೆಯಿರಿ, ಎಳೆದಾಟ ನಿಲ್ಲುತ್ತದೆ. 30 ದಿನಗಳಲ್ಲಿ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ.

ಮುಚ್ಚುವ ಮುನ್ನ ಪಾಯಿಂಟ್ ಎಲ್ಲಿದೆ ನೋಡಿ. ವಿಮಾನ, ಹೋಟೆಲ್ ಖಾತೆಗೆ ಆಗಲೇ ಸೇರಿದ್ದು ಸಾಮಾನ್ಯವಾಗಿ ಉಳಿಯುತ್ತದೆ. ಬ್ಯಾಂಕಿನಲ್ಲೇ ಕುಳಿತಿರುವುದು ಕಾರ್ಡಿನ ಜೊತೆ ಹೋಗುತ್ತದೆ. ಕೊನೆಯ ಬಿಲ್ಲಿನ ಪಾಯಿಂಟ್ ಜಮೆಯಾಗುವವರೆಗೆ ಕಾಯಿರಿ. ಹಾಗಾಗಿ ಈ ಕೆಲಸವನ್ನು ನವೀಕರಣಕ್ಕೆ 45 ದಿನ ಇರುವಾಗಲೇ ಶುರುಮಾಡಿ. ಕಾರ್ಡಿಗೆ ಜೋಡಿಸಿದ ಫಾಸ್ಟ್ಯಾಗ್, ಓಟಿಟಿ ಚಂದಾ, ವಿಮೆಯ ಸ್ವಯಂ ಪಾವತಿಗಳನ್ನು ಮೊದಲು ಬೇರೆ ಕಾರ್ಡಿಗೆ ಬದಲಿಸಿ. ಮುಚ್ಚುತ್ತೇನೆಂದು ಬರೆದ ಮೇಲೆ ಬ್ಯಾಂಕಿನಿಂದ ಶುಲ್ಕ ಮನ್ನಾದ ಕರೆ ಬಂದರೂ ಬರಬಹುದು. ಬಂದರೆ, 'ಎಷ್ಟು ಖರ್ಚು ಮಾಡಿದ ಮೇಲೆ ಮನ್ನಾ?' ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಂಡೇ ಒಪ್ಪಿ.