ಆಟೋಇಮ್ಯೂನ್ ಲಿವರ್ ಕಾಯಿಲೆ ಇದ್ದವರ ಕಣ್ಣಲ್ಲಿ ಹುಣ್ಣು ಯಾಕಾಗುತ್ತದೆ?

ಇದು ಅಪರೂಪ. ಆದರೆ ಲಿವರ್ ಮೇಲೆ ತಿರುಗಿಬಿದ್ದ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಕಣ್ಣನ್ನೂ ಬಿಡುವುದಿಲ್ಲ.

ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ರಕ್ತನಾಳಗಳಿಲ್ಲ. ಅವು ಅಂಚಿಗೆ ಬಂದು ನಿಲ್ಲುತ್ತವೆ. ರಕ್ತದಲ್ಲಿ ತೇಲಿಬರುವ ಪ್ರತಿಕಾಯಗಳ ಗಂಟುಗಳು ಅಲ್ಲಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬಿಳಿ ರಕ್ತಕಣಗಳು ಅಲ್ಲಿಗೆ ಮುತ್ತಿ, ಕೊಲಾಜನ್ (ಕಾರ್ನಿಯಾಕ್ಕೆ ಗಟ್ಟಿತನ ಕೊಡುವ ಪ್ರೋಟೀನ್) ಕರಗಿಸುವ ಕಿಣ್ವಗಳನ್ನು ಬಿಡುತ್ತವೆ. ಅಂಚು ಅರ್ಧಚಂದ್ರಾಕಾರದಲ್ಲಿ ತೆಳುವಾಗುತ್ತಾ ಹೋಗುತ್ತದೆ. ಕಣ್ಣೀರೂ ಬತ್ತಿದ್ದರೆ (ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್, ಅಂದರೆ ಲಿವರ್‌ನ ಸಣ್ಣ ಪಿತ್ತನಾಳಗಳನ್ನು ಹಾಳುಮಾಡುವ ಆಟೋಇಮ್ಯೂನ್ ಕಾಯಿಲೆ ಇದ್ದವರಲ್ಲಿ ಹೀಗಾಗುವುದು ಹೆಚ್ಚು) ಗಾಯ ಮಾಯುವುದೇ ಕಷ್ಟ.

ಹಾಗಾಗಿ ಬರೀ ಡ್ರಾಪ್ಸ್ ಸಾಲದು, ರೋಗನಿರೋಧಕ ಪ್ರತಿಕ್ರಿಯೆ ತಗ್ಗಿಸುವ ಔಷಧವೂ ಬೇಕಾಗುತ್ತದೆ. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ನೀವಾಗಿಯೇ ಹಾಕಿಕೊಳ್ಳಬೇಡಿ. ಸೋಂಕಿದ್ದರೆ ಕಾರ್ನಿಯಾ ತೂತು ಬೀಳಬಹುದು.